ಸ್ಪರ್ಶಪರದೆಯ ಮೇಲಿನ ಕೈಬರಹ: ಯಂತ್ರದ ಓದು ಮತ್ತು ಶಿಕ್ಷಕರ ಓದು

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗ ಭಾಗಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಗು ಎರಡು ಲಿಪಿಗಳ ನಡುವೆ ಬೆಳೆಯುತ್ತದೆ. ಪಠ್ಯಪುಸ್ತಕದಲ್ಲಿ ಕನ್ನಡ, ಬಸ್ಸಿನ ಫಲಕದಲ್ಲಿ ತೆಲುಗು. 2022ರ ಡಿಸೆಂಬರ್ ತಿಂಗಳಿನಲ್ಲಿ ಆಂಧ್ರಪ್ರದೇಶ ಸರ್ಕಾರವು 8ನೆಯ ತರಗತಿಯ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಟ್ಯಾಬ್‌ಗಳನ್ನು ವಿತರಿಸತೊಡಗಿತು. ಇಂತಹ ಸಾಧನಗಳಲ್ಲಿ ಬೆರಳಿನಿಂದ ಬರೆದ ಅಕ್ಷರವನ್ನು ಅಚ್ಚಿನ ಅಕ್ಷರವಾಗಿ ಮಾರ್ಪಡಿಸುವ ತಂತ್ರಾಂಶವನ್ನು ಬಳಸಬಹುದು. ಗೂಗಲ್ ಸಂಸ್ಥೆಯು 2015ರಲ್ಲಿ 82 ಭಾಷೆಗಳಿಗೆ ಒದಗಿಸಿದ ಕೈಬರಹ ಸೌಲಭ್ಯದಲ್ಲಿ ಕನ್ನಡವೂ ತೆಲುಗೂ ಸೇರಿದ್ದವು. ಈ ಸೌಲಭ್ಯವನ್ನು ತರಗತಿಯಲ್ಲಿ ಬಳಸುವ ಮುನ್ನ ಅದು ಕೆಲಸ ಮಾಡುವ ಬಗೆಯನ್ನು ಶಿಕ್ಷಕರು ಅರಿತಿರುವುದು ಅಗತ್ಯ.

ಯಂತ್ರವು ಅಕ್ಷರವನ್ನು ಗುರುತಿಸುವ ಬಗೆ

ಕಾಗದದ ಮೇಲೆ ಬರೆದುದನ್ನು ನಾವು ಚಿತ್ರವಾಗಿ ನೋಡುತ್ತೇವೆ. ಸ್ಪರ್ಶಪರದೆಯು ಬರಹವನ್ನು ಚಲನೆಯಾಗಿ ಗ್ರಹಿಸುತ್ತದೆ. ಬೆರಳು ಎಲ್ಲಿ ಊರಿತು, ಯಾವ ಕಡೆಗೆ ಸಾಗಿತು, ಎಲ್ಲಿ ಮೇಲೆದ್ದಿತು ಎಂಬುದು ಬಿಂದುಗಳ ಸಾಲಾಗಿ ದಾಖಲಾಗುತ್ತದೆ. ಹಲವು ಜನರ ಬರಹದ ಮಾದರಿಗಳಿಂದ ಮೊದಲೇ ತರಬೇತಿ ಪಡೆದ ತಂತ್ರಾಂಶವು ಈ ಸಾಲನ್ನು ಪರಿಶೀಲಿಸಿ, ಹೆಚ್ಚು ಸಂಭವನೀಯವಾದ ಕೆಲವು ಪದಗಳನ್ನು ಮುಂದಿಡುತ್ತದೆ. ಆದುದರಿಂದ ಪರದೆಯಲ್ಲಿ ಮೂಡುವ ಪದವು ಯಂತ್ರದ ಊಹೆಯೇ ಹೊರತು ತೀರ್ಪಲ್ಲ.

ಕನ್ನಡ ಬರಹದ ವಿಶೇಷತೆಗಳು

ಕನ್ನಡದಲ್ಲಿ ಒಂದು ಪುಟ್ಟ ಗೆರೆಯಿಂದಲೇ ಅಕ್ಷರ ಬದಲಾಗುತ್ತದೆ. ‘ಪ’ಕಾರದ ಹೊಟ್ಟೆ ಸೀಳಿದರೆ ‘ಷ’ಕಾರ, ‘ದ’ಕಾರದ ಕೆಳಗೆ ಗೀಟು ಬಿದ್ದರೆ ‘ಧ’ಕಾರ. ಬೆರಳಿನ ಬರಹದಲ್ಲಿ ಇಂತಹ ಗೆರೆಗಳು ಅಸ್ಪಷ್ಟವಾಗುವುದು ಸಹಜ. ಒತ್ತಕ್ಷರಗಳಲ್ಲಿ ಇನ್ನೊಂದು ತೊಡಕಿದೆ. ‘ಸೂರ್ಯ’ ಎಂದು ಬರೆಯುವಾಗ ಮಗು ‘ಯ’ಕಾರವನ್ನು ಬರೆದ ಮೇಲೆ ಅರ್ಕಾವೊತ್ತನ್ನು ಹಾಕುತ್ತದೆ. ಯೂನಿಕೋಡ್ ಸಂಕೇತದಲ್ಲಾದರೋ ಉಚ್ಚಾರಣೆಯಂತೆ ‘ರ್’ ಮೊದಲು, ‘ಯ’ ಅನಂತರ. ಕೈ ಬರೆದ ಕ್ರಮವನ್ನು ತಂತ್ರಾಂಶವು ತಿರುಗಿಸಿ ಜೋಡಿಸಬೇಕಾಗುತ್ತದೆ. ಜೊತೆಗೆ ಅರ್ಕಾವೊತ್ತು ಕನ್ನಡದ ಒಂಬತ್ತರ ಅಂಕಿಯನ್ನೂ (೯), ಅನುಸ್ವಾರವು ಸೊನ್ನೆಯನ್ನೂ (೦) ಹೋಲುತ್ತವೆ.

ಗಡಿನಾಡಿನ ತರಗತಿಯ ಸಮಸ್ಯೆ

ಕನ್ನಡ ಮತ್ತು ತೆಲುಗು ಲಿಪಿಗಳಿಗೆ ಮೂಲವೊಂದೇ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಶಾಸನಗಳನ್ನು ಕಂಡವರಿಗೆ ಇದು ಹೊಸ ಸಂಗತಿಯಲ್ಲ. ಇಂದಿಗೂ ‘ನ’, ‘ಗ’, ‘ರ’ ಮುಂತಾದ ಅಕ್ಷರಗಳ ಒಡಲು ಎರಡರಲ್ಲಿಯೂ ಬಹುಮಟ್ಟಿಗೆ ಸಮಾನ, ಭೇದವಿರುವುದು ತಲೆಕಟ್ಟಿನಲ್ಲಿ. ಕನ್ನಡದ ತಲೆಕಟ್ಟು ಅಡ್ಡಲಾಗಿ ಸಾಗಿ ಬಲತುದಿಯಲ್ಲಿ ಬಾಗುತ್ತದೆ. ತೆಲುಗಿನದು ‘ಸರಿ’ ಗುರುತಿನಂತೆ ಮೇಲಕ್ಕೆ ಚಾಚುತ್ತದೆ. ಹಾಗೆಯೇ ‘ಧರ್ಮ’ ಎಂಬಲ್ಲಿ ಕನ್ನಡವು ಅರ್ಕಾವೊತ್ತನ್ನು ಬಳಸಿದರೆ, ಇಂದಿನ ತೆಲುಗು ಪೂರ್ಣ ‘ರ’ಕಾರವನ್ನು ಬರೆದು ‘ಮ’ಕಾರವನ್ನು ಒತ್ತಾಗಿಸುತ್ತದೆ.

ಇಲ್ಲಿ ಎರಡು ಬಗೆಯ ಅಪಾಯಗಳಿವೆ. ಸಾಧನದಲ್ಲಿ ತೆಲುಗು ಭಾಷೆ ಆಯ್ಕೆಯಾಗಿದ್ದರೆ, ಮಗು ಶುದ್ಧ ಕನ್ನಡದಲ್ಲಿ ಬರೆದರೂ ತೆಲುಗು ಅಕ್ಷರಗಳೇ ಮೂಡುತ್ತವೆ. ಇದು ಮಗುವಿನ ತಪ್ಪಲ್ಲ. ಕನ್ನಡ ಆಯ್ಕೆಯಾಗಿದ್ದರೆ, ಮಗು ತೆಲುಗಿನ ತಲೆಕಟ್ಟು ಹಾಕಿದರೂ ಯಂತ್ರವು ಅದನ್ನು ಕನ್ನಡವೆಂದೇ ಊಹಿಸಿ ಅಂದವಾದ ‘ನ’ಕಾರವನ್ನು ತೋರಿಸಬಹುದು. ಆಗ ಮಗುವಿನ ತಪ್ಪು ಶಿಕ್ಷಕರ ಕಣ್ಣಿಗೆ ಬೀಳುವುದೇ ಇಲ್ಲ. ಮೊದಲನೆಯದಕ್ಕಿಂತ ಈ ಎರಡನೆಯದೇ ಹೆಚ್ಚು ಹಾನಿಕರ.

ಪದಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಬರಹವು ಸಂದಿಗ್ಧವಾಗಿದ್ದಾಗ ತಂತ್ರಾಂಶವು ಹೆಚ್ಚು ಬಳಕೆಯಲ್ಲಿರುವ ಪದದ ಕಡೆಗೆ ಒಲಿಯುತ್ತದೆ. ‘ಅಗಳಿ’ ಎಂದು ತನ್ನ ಊರಿನ ಹೆಸರನ್ನು ಬರೆದ ಮಗುವಿಗೆ ‘ಅಗಲಿ’ ಎಂಬ ಪದವು ಎದುರಾಗಬಹುದು. ಯಂತ್ರ ತೋರಿದ್ದೇ ಸರಿಯೆಂದು ನಂಬಿ ಮಗು ತನ್ನ ಊರಿನ ಹೆಸರನ್ನೇ ತಿದ್ದಿಕೊಳ್ಳುವಂತಾಗಬಾರದು.

ತರಗತಿಯಲ್ಲಿ ಅನುಸರಿಸಬಹುದಾದ ಕ್ರಮ

1. ಬರವಣಿಗೆ ಆರಂಭಿಸುವ ಮುನ್ನ ಕನ್ನಡ ಭಾಷೆ ಆಯ್ಕೆಯಾಗಿದೆಯೇ ಎಂದು ಪರೀಕ್ಷಿಸಬೇಕು.

2. ಪದವನ್ನು ಮೊದಲು ಹಲಗೆಯ ಮೇಲೆ ಅಥವಾ ಪುಸ್ತಕದಲ್ಲಿ ಬರೆಯಿಸಿ, ಶಿಕ್ಷಕರು ನೋಡಿದ ಮೇಲೆ ಪರದೆಯಲ್ಲಿ ಬರೆಯಿಸಬೇಕು.

3. ಯಂತ್ರವು ತಪ್ಪು ಪದವನ್ನು ತೋರಿದಾಗ “ಇದು ಹೀಗೇಕೆ ಓದಿತು?” ಎಂದು ಮಕ್ಕಳನ್ನೇ ಕೇಳಬೇಕು. ಯಾವ ಗೆರೆ ಅಸ್ಪಷ್ಟವಾಯಿತು ಎಂಬುದನ್ನು ಹುಡುಕುವುದೇ ಉತ್ತಮ ಅಕ್ಷರಾಭ್ಯಾಸ.

4. ಒಂದೇ ಪದವನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯಿಸಿ ತಲೆಕಟ್ಟು ಮತ್ತು ಒತ್ತಕ್ಷರಗಳನ್ನು ಹೋಲಿಸಬಹುದು. ಎರಡು ಲಿಪಿಗಳ ಅರಿವು ನಮ್ಮ ಮಕ್ಕಳಿಗೆ ಕೊರತೆಯಲ್ಲ, ಸಂಪತ್ತು.

5. ಯಂತ್ರದ ಫಲಿತಾಂಶವನ್ನು ಆಧರಿಸಿ ಅಂಕ ನೀಡಬಾರದು.

ಯಂತ್ರವು ಗೆರೆಯನ್ನು ಓದುತ್ತದೆ. ಆ ಗೆರೆಯ ಹಿಂದಿನ ಮಗುವನ್ನು ಓದಬಲ್ಲವರು ಶಿಕ್ಷಕರು. ಯಾವ ತಪ್ಪು ಯಾರದೆಂದು ತಿಳಿದ ಮೇಲೆಯೇ ತಿದ್ದುವ ಕಾರ್ಯ ಆರಂಭವಾಗಬೇಕು.