ಮಾಟ್ ಸ್ಟ್ರೀಟಿನ ಶಾಲೆಗೆ ಬಂದ ಮೂರು ದೇಶದ ಮಕ್ಕಳು

ನ್ಯೂಯಾರ್ಕಿನ ಚೈನಾಟೌನ್‌ನಲ್ಲಿ, ಮಾಟ್ ಸ್ಟ್ರೀಟ್ ಎಂಬ ಇಕ್ಕಟ್ಟು ಬೀದಿಯ ಹೋಟೆಲು, ಅಂಗಡಿಗಳ ನಡುವೆ 1801ರಲ್ಲಿ ಕಟ್ಟಿದ ಕಲ್ಲಿನ ಚರ್ಚೊಂದಿದೆ. ಮೊದಲು ಲುಥೆರನ್ನರದ್ದಾಗಿದ್ದ ಈ ಕಟ್ಟಡ 1853ರಲ್ಲಿ ಕ್ಯಾಥೊಲಿಕರ ಕೈಗೆ ಬಂತು. ಈ ಧರ್ಮಕೇಂದ್ರದ ಟ್ರಾನ್ಸ್‌ಫಿಗರೇಷನ್ ಶಾಲೆ ಈ ಹಸ್ತಾಂತರಕ್ಕಿಂತಲೂ ಹಳೆಯದು, 1832ರದ್ದು. ಐರಿಷ್, ಇಟಾಲಿಯನ್, ಚೀನೀ ಮಕ್ಕಳು ಒಬ್ಬರಾದ ಮೇಲೊಬ್ಬರಂತೆ ಇಲ್ಲಿ ಅಕ್ಷರ ಕಲಿತರು.

ಇದಕ್ಕೆಲ್ಲ ಮೊದಲಿಗರು ಫೆಲಿಕ್ಸ್ ವರೇಲಾ ಎಂಬ ಪಾದ್ರಿ. ಅವರೂ ದೇಶ ಬಿಟ್ಟು ಬಂದವರೇ. ಕ್ಯೂಬಾದಿಂದ ಸ್ಪೇನಿನ ಸಂಸತ್ತಿಗೆ ಆರಿಸಿ ಹೋಗಿ, ಗುಲಾಮಗಿರಿ ರದ್ದಾಗಬೇಕೆಂದು ವಾದಿಸಿದ್ದರು. ರಾಜ 7ನೇ ಫರ್ಡಿನಾಂಡನ ನಿರಂಕುಶ ಆಡಳಿತ ಮರಳಿದಾಗ ಮರಣದಂಡನೆಗೆ ಗುರಿಯಾಗಿ, 1823ರಲ್ಲಿ ನ್ಯೂಯಾರ್ಕಿಗೆ ತಪ್ಪಿಸಿಕೊಂಡು ಬಂದರು. ಅಲ್ಲಿ ಅವರನ್ನು ನಂಬಿ ಬಂದವರು ಬಡ ಐರಿಷ್ ಕುಟುಂಬಗಳು. 1832ರ ಕಾಲರಾ ಕಾಲದಲ್ಲಿ ಈ ಪಾದ್ರಿ ರೋಗಿಗಳ ನಡುವೆಯೇ ಓಡಾಡಿಕೊಂಡಿದ್ದರು.

ಊರಲ್ಲಿ ಉಚಿತ ಶಾಲೆಗಳಿದ್ದರೂ ಕ್ಯಾಥೊಲಿಕರು ಬೇರೆ ಶಾಲೆ ಕಟ್ಟಿದ್ದೇಕೆ? ಸರ್ಕಾರದ ಹಣದಲ್ಲಿ ನಡೆಯುತ್ತಿದ್ದ ಆ ಶಾಲೆಗಳು ಪಬ್ಲಿಕ್ ಸ್ಕೂಲ್ ಸೊಸೈಟಿ ಎಂಬ ಖಾಸಗಿ ಸಂಸ್ಥೆಯ ಹಿಡಿತದಲ್ಲಿದ್ದವು. ತರಗತಿಯಲ್ಲಿ ಓದಿಸುತ್ತಿದ್ದುದು ಪ್ರಾಟೆಸ್ಟೆಂಟರ ಬೈಬಲ್. ಕ್ಯಾಥೊಲಿಕರು ಮೋಸಗಾರರು ಎಂಬರ್ಥದ ಮಾತು ಪಠ್ಯಪುಸ್ತಕದಲ್ಲೇ ಅಚ್ಚಾಗಿತ್ತು. ದೂರು ಬಂದಾಗ ಸೊಸೈಟಿಯವರು ಅಂಥ ಸಾಲುಗಳಿಗೆ ಶಾಯಿ ಬಳಿಸಿದರು. ಅಪ್ಪ ಅಮ್ಮನ ನಂಬಿಕೆಯನ್ನು ಹೀಗಳೆಯುವ ಪುಸ್ತಕವನ್ನು ಮಗು ದಿನವೂ ಕೈಯಲ್ಲಿ ಹಿಡಿಯಬೇಕಿತ್ತಲ್ಲ, ಆ ನೋವನ್ನು ಶಾಯಿ ಅಳಿಸಲಿಲ್ಲ. 1840ರಲ್ಲಿ ಬಿಷಪ್ ಜಾನ್ ಹ್ಯೂಸ್ ಸರ್ಕಾರದ ಹಣದಲ್ಲಿ ತಮಗೂ ಪಾಲು ಬೇಕೆಂದು ಪಟ್ಟು ಹಿಡಿದರು. 1842ರ ಕಾನೂನು ಸೊಸೈಟಿಯ ಏಕಸ್ವಾಮ್ಯ ಮುರಿಯಿತು ನಿಜ, ಆದರೆ ಮತಬೋಧನೆ ಮಾಡುವ ಯಾವ ಶಾಲೆಗೂ ಸರ್ಕಾರದ ಹಣವಿಲ್ಲ ಎಂದೂ ಹೇಳಿತು. ಅಲ್ಲಿಂದ ಮುಂದೆ ಕ್ಯಾಥೊಲಿಕ್ ಶಾಲೆ ನಡೆದದ್ದು ಕೂಲಿಕಾರರು ಕೊಟ್ಟ ಚಿಲ್ಲರೆ ಕಾಸಿನಿಂದ, ಬಹುಮಟ್ಟಿಗೆ ಸಂಬಳವೇ ಇಲ್ಲದೆ ದುಡಿದ ಸನ್ಯಾಸಿನಿಯರಿಂದ.

ಅವಮಾನ ಉಂಡವರೇ ಮುಂದೆ ಅವಮಾನ ಬಡಿಸಿದರು. 19ನೇ ಶತಮಾನದ ಕೊನೆಗೆ ಬೀದಿ ತುಂಬ ಇಟಾಲಿಯನ್ನರು ಬಂದಾಗ, ಐರಿಷರ ಹಿಡಿತದಲ್ಲಿದ್ದ ಚರ್ಚು ಅವರನ್ನು ನೆಲಮಾಳಿಗೆಯಲ್ಲಿ ಪೂಜೆಗೆ ಕೂರಿಸಿತು. ಮೇಲಿನ ಸಭಾಂಗಣ ಐರಿಷರಿಗೆ ಮೀಸಲು! ಇದನ್ನು ಮುಚ್ಚಿಟ್ಟು ಈ ಚರಿತ್ರೆ ಹೇಳುವುದು ತಪ್ಪಾಗುತ್ತದೆ. 1902ರಲ್ಲಿ ಇಟಲಿ ಮೂಲದ ಸಲೇಷಿಯನ್ ಸಂಘದ ಪಾದ್ರಿಗಳಿಗೆ ಆಡಳಿತ ಒಪ್ಪಿಸಿದ ಮೇಲೆ ಇಟಾಲಿಯನ್ನರಿಗೆ ಇದು ತಮ್ಮದೆನಿಸಿತು.

ಚೀನೀಯರ ಸರದಿ ತಡವಾಗಿ ಬಂತು. 1882ರ ಬಹಿಷ್ಕಾರ ಕಾಯ್ದೆ ಚೀನೀ ಕೂಲಿಕಾರರು ಬರುವುದನ್ನೇ ತಡೆದಿತ್ತು. ಚೈನಾಟೌನ್ ಹೆಚ್ಚಾಗಿ ಒಂಟಿ ಗಂಡಸರ ಬೀದಿಯಾಗಿ ಉಳಿಯಿತು. ಸಂಸಾರವೇ ಇಲ್ಲದ ಕಡೆ ಮಕ್ಕಳೆಲ್ಲಿಂದ ಬಂದಾರು? 1943ರಲ್ಲಿ ಕಾಯ್ದೆ ರದ್ದಾದರೂ ವರ್ಷಕ್ಕೆ 105 ಮಂದಿಗಷ್ಟೇ ಅವಕಾಶ. ಚೀನಾದಲ್ಲಿ ಕೆಲಸ ಮಾಡಿ ಅನುಭವವಿದ್ದ ಮೇರಿನೋಲ್ ಸಂಘದ ಪಾದ್ರಿಗಳು 1949ರಲ್ಲಿ ಇಲ್ಲಿನ ಹೊಣೆ ಹೊತ್ತರು. 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲಂತೂ ಸಂಸಾರಗಳೇ ಬಂದಿಳಿದವು. ಹಗಲಿಡೀ ಹೊಲಿಗೆ ಕಾರ್ಖಾನೆಯಲ್ಲೋ ಹೋಟೆಲ್ ಅಡುಗೆಮನೆಯಲ್ಲೋ ದುಡಿಯುವ ತಂದೆ ತಾಯಂದಿರು ಮಕ್ಕಳನ್ನು ಈ ಶಾಲೆಗೆ ಸೇರಿಸಿದರು. ಬಹಳ ಮಂದಿ ಕ್ಯಾಥೊಲಿಕರೇ ಅಲ್ಲ. ಅವರಿಗೆ ಬೇಕಿದ್ದದ್ದು ಇಂಗ್ಲಿಷು, ಶಿಸ್ತು, ಮನೆಯ ಹತ್ತಿರದ ಶಾಲೆ.

ಇದೇ ಹೊತ್ತಿಗೆ ಅಮೆರಿಕದ ನಗರಗಳಲ್ಲಿ ಇಂಥ ಶಾಲೆಗಳಿಗೆ ಬೀಗ ಬೀಳಲು ಶುರುವಾಗಿತ್ತು. 1960ರ ದಶಕದ ನಡುವೆ ದೇಶದ ಕ್ಯಾಥೊಲಿಕ್ ಶಾಲೆಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಆಮೇಲೆ ಹಳೆಯ ಕುಟುಂಬಗಳು ಉಪನಗರಗಳಿಗೆ ಹೋದವು, ಸನ್ಯಾಸಿನಿಯರ ಸಂಖ್ಯೆ ಕುಸಿಯಿತು, ಅವರ ಜಾಗಕ್ಕೆ ಬಂದ ಶಿಕ್ಷಕರಿಗೆ ಪೂರ್ತಿ ಸಂಬಳ ಕೊಡಬೇಕಾಯಿತು, ಶುಲ್ಕ ಏರಿತು. ಮಾಟ್ ಸ್ಟ್ರೀಟಿನ ಶಾಲೆ ಈ ಹೊಡೆತ ತಾಳಿಕೊಂಡಿದ್ದಕ್ಕೆ ಆ ಶುಲ್ಕ ಕಟ್ಟಿದ ಚೀನೀ ಮನೆಗಳೇ ದೊಡ್ಡ ಕಾರಣ. ಐರಿಷರ ಕಾಸಿನಿಂದ ಶುರುವಾದ ಈ ಶಾಲೆಯಲ್ಲಿ ಮ್ಯಾಂಡರಿನ್ ಕೂಡ ಪಾಠವಾಗಿದೆ.