ದನಗಳ ನೀರಿನ ತೊಟ್ಟಿಗೆ ತೇಲುಗುಂಡಿನ ಕವಾಟ: ಆಯ್ಕೆ ಮತ್ತು ನಿರ್ವಹಣೆ

ಬಾವಿಯಲ್ಲಿದ್ದರೆ ತಾನೆ ತೊಟ್ಟಿಗೆ ಬರುವುದು ಎಂಬ ಅರ್ಥದ ಗಾದೆಯೊಂದು ಗುಜರಾತಿನಲ್ಲಿ ಬಳಕೆಯಲ್ಲಿದೆ. ಆ ಗಾದೆಯಲ್ಲಿ ಬರುವ ‘ಹವಾಡೊ’ ಎಂಬುದು ಬಾವಿಯ ಮಗ್ಗುಲಲ್ಲಿ ದನಕರುಗಳಿಗಾಗಿ ಕಟ್ಟುತ್ತಿದ್ದ ನೀರಿನ ತೊಟ್ಟಿ. ಹಿಂದೆ ಅದನ್ನು ಕೈಯಿಂದ ಸೇದಿ ಅಥವಾ ಕಪಿಲೆಯಿಂದ ಎತ್ತಿ ತುಂಬಿಸಬೇಕಾಗಿತ್ತು. ಇಂದು ಕೊಳಾಯಿಯ ಮೂಲಕ ನೀರು ತಾನಾಗಿಯೇ ತೊಟ್ಟಿಗೆ ಬರುತ್ತದೆ. ಆದುದರಿಂದ ನೀರನ್ನು ತರುವುದಕ್ಕಿಂತ, ಬೇಕಾದಷ್ಟು ಬಂದ ಮೇಲೆ ಅದನ್ನು ನಿಲ್ಲಿಸುವುದೇ ಈಗ ಮುಖ್ಯ ಕೆಲಸವಾಗಿದೆ. ಈ ಕೆಲಸವನ್ನು ಹಗಲಿರುಳೂ ನಿರ್ವಹಿಸುವ ಸಾಧನವೇ ತೇಲುಗುಂಡಿನ ಕವಾಟ; ಜನರ ಬಾಯಲ್ಲಿ ‘ಬಾಲ್ ಕಾಕ್’.

ನೀರು ಮತ್ತು ಹಾಲು

ಗುಜರಾತಿನ ಸಹಕಾರಿ ಹೈನುಗಾರಿಕೆ ದೇಶಕ್ಕೇ ಮಾದರಿಯಾದುದು. ಅಹಮದಾಬಾದ್ ಮತ್ತು ವಡೋದರಾ ನಗರಗಳ ನಡುವಿನ ಆನಂದದಲ್ಲಿ ಖೇಡಾ ಜಿಲ್ಲಾ ಹಾಲು ಉತ್ಪಾದಕರ ಒಕ್ಕೂಟವು 1946ರಲ್ಲಿ ಸ್ಥಾಪನೆಯಾಯಿತು. ಸೂರತ್ ಜಿಲ್ಲೆಯ ಒಕ್ಕೂಟ 1951ರಲ್ಲಿಯೂ, ವಡೋದರಾ ಜಿಲ್ಲೆಯ ಒಕ್ಕೂಟ 1957ರಲ್ಲಿಯೂ ಅಸ್ತಿತ್ವಕ್ಕೆ ಬಂದವು. ಈ ಒಕ್ಕೂಟಗಳಿಗೆ ಹಾಲು ನೀಡುವ ಕುಟುಂಬಗಳಲ್ಲಿ ಬಹುಪಾಲು ಒಂದೆರಡು ಎಮ್ಮೆ ಅಥವಾ ಹಸುಗಳನ್ನು ಮಾತ್ರ ಸಾಕಿಕೊಂಡಿರುವಂಥವು. ಅಂಥ ಮನೆಯಲ್ಲಿ ದಿನಕ್ಕೆ ಒಂದು ಲೀಟರ್ ಹಾಲು ಕಡಿಮೆಯಾದರೂ ಸಂಸಾರದ ಲೆಕ್ಕ ಏರುಪೇರಾಗುತ್ತದೆ.

ಹಸುವಿನ ಹಾಲಿನಲ್ಲಿ ಸುಮಾರು ಶೇ. 87 ಭಾಗ, ಎಮ್ಮೆಯ ಹಾಲಿನಲ್ಲಿ ಶೇ. 82ರಿಂದ 83 ಭಾಗ ನೀರೇ ಇರುತ್ತದೆ. ಕರೆಯುವ ರಾಸು ಬೇಸಿಗೆಯಲ್ಲಿ ದಿನಕ್ಕೆ 60ರಿಂದ 80 ಲೀಟರ್ ನೀರು ಕುಡಿಯಬಲ್ಲದು. ಅಹಮದಾಬಾದಿನಲ್ಲಿ 2016ರ ಮೇ 20ರಂದು ಉಷ್ಣಾಂಶವು 48 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಇಂಥ ದಿನಗಳಲ್ಲಿ ತೊಟ್ಟಿ ಕೆಲವು ಗಂಟೆ ಬರಿದಾಗಿದ್ದರೂ ರಾಸು ಮೇವು ಬಿಡುತ್ತದೆ. ಸಂಜೆಯ ಹಾಲು ಇಳಿಯುತ್ತದೆ.

ನೀರು ಹೆಚ್ಚಾಗಿ ಹರಿದರೂ ಕೇಡು ತಪ್ಪಿದ್ದಲ್ಲ. ಕವಾಟದಿಂದ ನಿಮಿಷಕ್ಕೆ 200 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು ನೀರು ಸೋರಿದರೆ ದಿನಕ್ಕೆ 288 ಲೀಟರ್ ನಷ್ಟವಾಗುತ್ತದೆ. ಇದು ನಾಲ್ಕು ಎಮ್ಮೆಗಳ ಒಂದು ದಿನದ ಕುಡಿಯುವ ನೀರು. ತೊಟ್ಟಿಯ ಸುತ್ತ ಕೆಸರಾದಾಗ ರಾಸುಗಳ ಗೊರಸು ಮೆತ್ತಗಾಗಿ ಹುಣ್ಣಾಗುತ್ತದೆ, ಸೊಳ್ಳೆಗಳು ಹೆಚ್ಚುತ್ತವೆ. ಸೂರತ್, ನವಸಾರಿ, ವಲ್ಸಾಡ್ ಜಿಲ್ಲೆಗಳಲ್ಲಿ ಮಳೆಗಾಲದಲ್ಲಿ ಕಾಣಿಸಿಕೊಳ್ಳುವ ಇಲಿಜ್ವರದ, ಅಂದರೆ ಲೆಪ್ಟೊಸ್ಪೈರೋಸಿಸ್‌ನ, ರೋಗಾಣುಗಳು ಇಲಿ ಹಾಗೂ ದನಗಳ ಮೂತ್ರದಿಂದ ಒದ್ದೆ ನೆಲಕ್ಕೆ ಸೇರಿ, ಬರಿಗಾಲಿನಲ್ಲಿ ನಡೆಯುವವರ ಗಾಯಗಳ ಮೂಲಕ ದೇಹವನ್ನು ಪ್ರವೇಶಿಸುತ್ತವೆ. ಕೊಟ್ಟಿಗೆಯ ನೆಲವನ್ನು ಒಣಗಿಸಿಡುವುದು ಮನೆಯವರ ಆರೋಗ್ಯಕ್ಕೂ ಅಗತ್ಯ.

ಕವಾಟವು ಕೆಲಸ ಮಾಡುವ ಬಗೆ

ತೇಲುಗುಂಡು, ಸನ್ನೆಗೋಲಿನಂಥ ಕಡ್ಡಿ, ಮತ್ತು ನೀರಿನ ರಂಧ್ರವನ್ನು ಮುಚ್ಚುವ ರಬ್ಬರ್ ವಾಷರ್ ಇದರ ಮೂರು ಮುಖ್ಯ ಭಾಗಗಳು. ರಾಸು ನೀರು ಕುಡಿದಂತೆ ಮಟ್ಟ ತಗ್ಗಿ ಗುಂಡು ಕೆಳಗಿಳಿಯುತ್ತದೆ, ರಂಧ್ರ ತೆರೆಯುತ್ತದೆ. ನೀರು ಏರಿದಂತೆ ಗುಂಡೂ ಏರಿ, ಕಡ್ಡಿಯ ಮೂಲಕ ವಾಷರನ್ನು ರಂಧ್ರಕ್ಕೆ ಒತ್ತುತ್ತದೆ.

ಇಲ್ಲಿ ಎರಡು ಬಲಗಳ ಪೈಪೋಟಿ ನಡೆಯುತ್ತದೆ. 11 ಸೆಂ.ಮೀ. ವ್ಯಾಸದ ಗುಂಡು ಅರ್ಧ ಮುಳುಗಿದಾಗ, ತನ್ನ ತೂಕವನ್ನು ಕಳೆದು, ಸುಮಾರು ಕಾಲು ಕಿಲೋಗ್ರಾಂ ಬಲದಿಂದ ಮೇಲಕ್ಕೆ ಒತ್ತುತ್ತದೆಂದು ಇಟ್ಟುಕೊಳ್ಳೋಣ. ಕಡ್ಡಿಯು ಈ ಬಲವನ್ನು ಹತ್ತು ಪಟ್ಟು ಮಾಡಿದರೆ ವಾಷರಿನ ಮೇಲೆ ಎರಡೂವರೆ ಕಿಲೋಗ್ರಾಂ ಬಲ ಬೀಳುತ್ತದೆ. ಇನ್ನೊಂದು ಕಡೆಯಲ್ಲಿ ನೀರಿನ ಒತ್ತಡ ವಾಷರನ್ನು ಹಿಂದಕ್ಕೆ ತಳ್ಳುತ್ತದೆ. 12 ಮಿ.ಮೀ. ರಂಧ್ರವಿದ್ದು, 3 ಮೀಟರ್ ಎತ್ತರದ ಟಾಕಿಯಿಂದ ನೀರು ಬರುತ್ತಿದ್ದರೆ ಈ ತಳ್ಳುವ ಬಲ ಸುಮಾರು 340 ಗ್ರಾಂ ಮಾತ್ರ. ಕವಾಟ ಸುಲಭವಾಗಿ ಮುಚ್ಚಿಕೊಳ್ಳುತ್ತದೆ. ಅದೇ ಕವಾಟವನ್ನು 30 ಮೀಟರ್ ಒತ್ತಡದ ಪಂಪಿನ ಕೊಳವೆಗೆ ಜೋಡಿಸಿದರೆ ತಳ್ಳುವ ಬಲ 3.4 ಕಿಲೋಗ್ರಾಂ ಆಗುತ್ತದೆ. ಆಗ ಗುಂಡು ಇನ್ನಷ್ಟು ಮುಳುಗಿದ ಮೇಲೆಯೇ ಕವಾಟ ಮುಚ್ಚೀತು. ಅಷ್ಟರಲ್ಲಿ ನೀರು ತೊಟ್ಟಿಯ ಅಂಚನ್ನು ಮೀರಿರುವ ಸಂಭವವುಂಟು. ರಂಧ್ರವು 6 ಮಿ.ಮೀ. ಆಗಿದ್ದರೆ ಅದೇ ಒತ್ತಡದಲ್ಲಿ ತಳ್ಳುವ ಬಲ ಸುಮಾರು 850 ಗ್ರಾಂಗೆ ಇಳಿಯುತ್ತದೆ. ಒಬ್ಬರ ತೊಟ್ಟಿಯಲ್ಲಿ ಚೆನ್ನಾಗಿರುವ ಕವಾಟ ಪಕ್ಕದ ಮನೆಯಲ್ಲಿ ಸೋರುವುದಕ್ಕೆ ಅನೇಕ ವೇಳೆ ಇದೇ ಕಾರಣ.

ಆಯ್ಕೆಯ ಕ್ರಮ

1. ಒತ್ತಡ: ಮನೆಯ ಮೇಲಿನ ಟಾಕಿಯಿಂದ ಬರುವ ನೀರಿಗೆ ದೊಡ್ಡ ರಂಧ್ರದ, ಕಡಿಮೆ ಒತ್ತಡದ ಕವಾಟ ಸೂಕ್ತ. ಪಂಪು ಅಥವಾ ಎತ್ತರದ ಗ್ರಾಮ ಟಾಕಿಯಿಂದ ನೇರವಾಗಿ ಬರುವ ನೀರಿಗೆ ಸಣ್ಣ ರಂಧ್ರದ, ಹೆಚ್ಚಿನ ಒತ್ತಡದ ಕವಾಟ ಬೇಕು.

2. ಪೂರೈಕೆ: ಕವಾಟವನ್ನು ಪೂರ್ತಿ ತೆರೆದು 10 ಲೀಟರಿನ ಬಕೆಟ್ ಎಷ್ಟು ಹೊತ್ತಿನಲ್ಲಿ ತುಂಬುತ್ತದೆಂದು ನೋಡಬೇಕು. ಬಾಯಾರಿದ ಎಮ್ಮೆಯೊಂದು ನಿಮಿಷಕ್ಕೆ 10 ಲೀಟರಿಗೂ ಹೆಚ್ಚು ನೀರು ಕುಡಿಯಬಲ್ಲದು. ಹಾಲು ಕರೆದೊಡನೆ ರಾಸುಗಳೆಲ್ಲ ಒಟ್ಟಿಗೆ ತೊಟ್ಟಿಗೆ ಬರುತ್ತವೆ. ಆ ಹೊತ್ತಿನ ಅಗತ್ಯವನ್ನು ಕವಾಟವೊಂದೇ ಪೂರೈಸಲಾರದು. ತೊಟ್ಟಿಯಲ್ಲಿ ನೀರಿನ ಸಂಗ್ರಹವೂ ಸಾಕಷ್ಟಿರಬೇಕು. ನೀರು ದಿನದ ಕೆಲವೇ ಗಂಟೆ ಬರುವ ಗ್ರಾಮಗಳಲ್ಲಿ ಪ್ರತ್ಯೇಕ ಟಾಕಿಯೊಂದನ್ನು ಇಟ್ಟು, ಅದರಿಂದ ತೊಟ್ಟಿಗೆ ನೀರು ಬಿಡುವುದು ಲೇಸು.

3. ಲೋಹ ಅಥವಾ ಪ್ಲಾಸ್ಟಿಕ್: ಹಿತ್ತಾಳೆಯ ಕವಾಟ ಗಟ್ಟಿಮುಟ್ಟು. ಆದರೆ ಅಹಮದಾಬಾದ್ ಜಿಲ್ಲೆಯ ಭಾಲ್ ಪ್ರದೇಶದಲ್ಲಿಯೂ ಸೂರತ್ ಜಿಲ್ಲೆಯ ಓಲ್ಪಾಡ್ ಕರಾವಳಿಯಲ್ಲಿಯೂ ಅಂತರ್ಜಲ ಉಪ್ಪಾಗಿರುವುದರಿಂದ, ಹಿತ್ತಾಳೆಯಲ್ಲಿನ ಸತು ಕ್ರಮೇಣ ಕರಗಿ ಲೋಹ ಪೊಳ್ಳಾಗುವ ಸಂಭವವಿದೆ. ಅಲ್ಲಿ ನೈಲಾನ್ ಅಥವಾ ಇತರ ಗಟ್ಟಿ ಪ್ಲಾಸ್ಟಿಕ್ಕಿನ ಕವಾಟ ಹೆಚ್ಚು ಕಾಲ ಬಾಳುತ್ತದೆ. ಬಿಸಿಲಿಗೆ ಅದು ಪೆಡಸಾಗುವುದರಿಂದ ಮೇಲೆ ಮುಚ್ಚಳ ಬೇಕು. ಹಿತ್ತಾಳೆಯಂಥ ತಾಮ್ರ ಮಿಶ್ರಲೋಹದ ತೇಲುಗುಂಡಿನ ಕವಾಟಗಳಿಗೆ ಭಾರತೀಯ ಮಾನಕ 1703 ಅನ್ವಯಿಸುತ್ತದೆ. ಕೊಳ್ಳುವಾಗ ಐ.ಎಸ್.ಐ. ಗುರುತನ್ನು ನೋಡಿ ಕೊಳ್ಳುವುದು ಕ್ಷೇಮಕರ.

4. ಬಿಡಿಭಾಗ: ವಾಷರು ಮತ್ತು ಗುಂಡು ಹತ್ತಿರದ ಅಂಗಡಿಯಲ್ಲಿ ದೊರೆಯುವಂಥ ಕವಾಟವನ್ನೇ ಆರಿಸಬೇಕು. ನಾಲ್ಕಾರು ರೂಪಾಯಿಯ ವಾಷರು ಸಿಗದೆ ಇಡೀ ಕವಾಟವನ್ನು ಬಿಸಾಡುವುದು ಮಿತವ್ಯಯವಲ್ಲ.

ಅಳವಡಿಸುವಾಗ ಗಮನಿಸಬೇಕಾದ ಅಂಶಗಳು

ಕವಾಟದಿಂದ ನೀರು ಹೊರಬೀಳುವ ಬಾಯಿ ತೊಟ್ಟಿಯ ಅತ್ಯಂತ ಮೇಲಿನ ನೀರಿನ ಮಟ್ಟಕ್ಕಿಂತ ಕೊಳವೆಯ ವ್ಯಾಸದ ಎರಡರಷ್ಟಾದರೂ, ಯಾವ ಸಂದರ್ಭದಲ್ಲಿಯೂ 25 ಮಿ.ಮೀ.ಗೆ ಕಡಿಮೆಯಾಗದಂತೆ, ಎತ್ತರದಲ್ಲಿರತಕ್ಕದ್ದು. ಸರಬರಾಜು ನಿಂತಾಗ ಕೊಳವೆಯೊಳಗೆ ನಿರ್ವಾತ ಉಂಟಾಗಬಹುದು. ಕವಾಟದ ಬಾಯಿ ನೀರಿನಲ್ಲಿ ಮುಳುಗಿದ್ದರೆ, ರಾಸುಗಳ ಜೊಲ್ಲು ಬೆರೆತ ತೊಟ್ಟಿಯ ನೀರು ಹಿಂದಕ್ಕೆ ಹೀರಲ್ಪಟ್ಟು ಮನೆಯ ಕುಡಿಯುವ ನೀರಿನ ಕೊಳವೆಯನ್ನು ಸೇರುತ್ತದೆ.

ಕವಾಟದ ಭಾಗವನ್ನು ಕಲ್ಲುಚಪ್ಪಡಿ ಅಥವಾ ತಗಡಿನಿಂದ ಮುಚ್ಚಬೇಕು. ಎಮ್ಮೆಗಳು ಕೊಂಬಿನಿಂದ ಕಡ್ಡಿಯನ್ನು ಬಗ್ಗಿಸುವುದುಂಟು. ಗಿಡ್ಡ ಗುಂಡು ಕರುಗಳಿಗೆ ಆಟದ ವಸ್ತುವಾಗುತ್ತದೆ. ಕವಾಟಕ್ಕೆ ಮೊದಲು ನೀರು ನಿಲ್ಲಿಸುವ ತಿರುಪು ಕೊಳಾಯಿಯನ್ನೂ ಜಾಲರಿಯ ಶೋಧಕವನ್ನೂ ಜೋಡಿಸಬೇಕು. ಉಕಾಯಿ–ಕಾಕ್ರಾಪಾರ್ ಹಾಗೂ ನರ್ಮದಾ ಕಾಲುವೆಗಳ ನೀರನ್ನು ಶುದ್ಧೀಕರಿಸದೆ ಬಳಸುವ ಕಡೆಗಳಲ್ಲಿ ಹೂಳು, ಪಾಚಿ ಬರುವುದರಿಂದ ಶೋಧಕವಿಲ್ಲದೆ ಕವಾಟ ಬಾಳದು. ತೊಟ್ಟಿಯ ತಳದಲ್ಲಿ ಬರಿದುಮಾಡುವ ತೂಬು ಇರಲಿ. ಸುತ್ತಲೂ ನೆಲಕ್ಕೆ ಇಳಿಜಾರು ಕೊಟ್ಟು ಕಲ್ಲು ಹಾಸಬೇಕು.

ನಿರ್ವಹಣೆ

ಪ್ರತಿದಿನ: ಬೆಳಗಿನ ಹಾಲು ಕರೆಯುವ ವೇಳೆಯಲ್ಲಿ ತೊಟ್ಟಿ ತುಂಬಿದೆಯೇ, ತುಂಬಿದ ಮೇಲೆ ಹನಿಯುವುದು ನಿಂತಿದೆಯೇ ಎಂಬುದನ್ನು ನೋಡಬೇಕು.

ವಾರಕ್ಕೊಮ್ಮೆ: ಗುಂಡನ್ನು ಕೈಯಿಂದ ಕೆಳಕ್ಕೊತ್ತಿ ನೀರು ರಭಸವಾಗಿ ಬರುವುದನ್ನೂ, ಮೇಲಕ್ಕೆತ್ತಿ ಪೂರ್ತಿ ನಿಲ್ಲುವುದನ್ನೂ ಪರೀಕ್ಷಿಸಬೇಕು. ಶೋಧಕವನ್ನು ತೊಳೆಯಬೇಕು.

ಹದಿನೈದು ದಿನಕ್ಕೊಮ್ಮೆ: ತೊಟ್ಟಿಯನ್ನು ಬರಿದುಮಾಡಿ, ಉಜ್ಜಿ, ಒಳಗೋಡೆಗೆ ಸುಣ್ಣ ಬಳಿಯಬೇಕು. ಆಗ ಕವಾಟಕ್ಕೆ ಬಟ್ಟೆ ಸುತ್ತಿದ್ದರೆ ಸುಣ್ಣ ಅದರೊಳಗೆ ಸೇರುವುದಿಲ್ಲ.

ವರ್ಷಕ್ಕೆರಡು ಬಾರಿ: ಬೇಸಿಗೆಗೆ ಮುನ್ನ ಮತ್ತು ಮಳೆಗಾಲ ಕಳೆದ ಮೇಲೆ ಕವಾಟವನ್ನು ಬಿಚ್ಚಿ, ಗಡಸು ನೀರಿನಿಂದ ಕಟ್ಟಿದ ಬಿಳಿಯ ಪೊರೆಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ನೆನೆಯಿಸಿ ತೆಗೆಯಬೇಕು. ವಾಷರಿನಲ್ಲಿ ಗೆರೆ ಬಿದ್ದಿದ್ದರೆ ಹೊಸದನ್ನು ಹಾಕಬೇಕು. ಕಬ್ಬಿಣದ ಮೊಳೆಯಿಂದ ರಂಧ್ರವನ್ನು ಕೆರೆಯಬಾರದು. ಅಂಚಿನಲ್ಲಿ ಗೀರು ಬಿದ್ದರೆ ಯಾವ ವಾಷರೂ ಅದನ್ನು ಮುಚ್ಚಲಾರದು.

ಸಾಮಾನ್ಯ ದೋಷಗಳು

ನೀರು ನಿಲ್ಲದಿದ್ದರೆ ಮೊದಲು ಗುಂಡನ್ನು ಬಿಚ್ಚಿ ಅಲುಗಾಡಿಸಬೇಕು. ಒಳಗೆ ನೀರಿನ ಸದ್ದು ಕೇಳಿದರೆ ಗುಂಡು ತೂತಾಗಿದೆಯೆಂದು ತಿಳಿದು ಬದಲಾಯಿಸಬೇಕು. ಗುಂಡು ಸರಿಯಿದ್ದರೆ ವಾಷರನ್ನೂ, ವಾಷರೂ ಸರಿಯಿದ್ದರೆ ಒತ್ತಡವನ್ನೂ ಪರಿಶೀಲಿಸಬೇಕು. ರಾತ್ರಿ ಮಾತ್ರ ಸೋರುವ ಕವಾಟದ ದೋಷ ಬಹುಮಟ್ಟಿಗೆ ಒತ್ತಡಕ್ಕೆ ಸಂಬಂಧಿಸಿದ್ದು. ಎಲ್ಲರ ನಲ್ಲಿಗಳೂ ಮುಚ್ಚಿರುವಾಗ ಕೊಳವೆಯ ಒತ್ತಡ ಏರುತ್ತದೆ. ನೀರು ಸಣ್ಣಗೆ ಬರುತ್ತಿದ್ದರೆ ಶೋಧಕ ಅಥವಾ ರಂಧ್ರ ಕಟ್ಟಿಕೊಂಡಿರುತ್ತದೆ. ಕಡ್ಡಿಯ ಕೀಲು ಬಿಗಿಯಾಗಿದ್ದರೆ ಗುಂಡು ನಡುವೆಯೇ ಸಿಕ್ಕಿಕೊಳ್ಳುತ್ತದೆ. ಕೀಲನ್ನು ಶುಚಿಗೊಳಿಸಿದರೆ ಸಾಕು.

ಪಾಂಜರಾಪೋಳಗಳಂಥ ಸಂಸ್ಥೆಗಳಲ್ಲಿಯೂ ಊರಿನ ಸಾರ್ವಜನಿಕ ತೊಟ್ಟಿಗಳಲ್ಲಿಯೂ ಕವಾಟದ ಹೊಣೆ ಎಲ್ಲರದಾಗಿ, ಕೊನೆಗೆ ಯಾರದೂ ಅಲ್ಲದಂತಾಗುವ ಅಪಾಯವಿದೆ. ಅಲ್ಲಿ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಈ ಕೆಲಸವನ್ನು ವಹಿಸಿ, ಒಂದು ಜೊತೆ ವಾಷರು, ಒಂದು ಗುಂಡು ಮತ್ತು ಒಂದು ಸ್ಪ್ಯಾನರನ್ನು ಸದಾ ಸಿದ್ಧವಾಗಿಟ್ಟುಕೊಳ್ಳುವುದು ಅವಶ್ಯಕ. ಮೂಕಪ್ರಾಣಿಗೆ ತೊಟ್ಟಿ ಬರಿದಾಗಿದೆಯೆಂದು ಹೇಳಲು ಬಾರದು; ನೋಡುವ ಕಣ್ಣು ಸಾಕುವವರದೇ ಆಗಿರಬೇಕು.