ಲೋಹಶೋಧಕದ ಸದ್ದು ಮತ್ತು ಅಂಕಿ

1881ನೆಯ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡೇಟು ತಗಲಿತು. ಮೈಯೊಳಗೆ ಹುದುಗಿದ ಗುಂಡಿನ ನೆಲೆಯನ್ನರಿಯಲು ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ತಂತಿಸುರುಳಿಗಳ ಯಂತ್ರವೊಂದನ್ನು ತಂದರು. ಆಗಸ್ಟ್ 1ರಂದು ಸದ್ದೇನೋ ಕೇಳಿಸಿತು. ಆದರೆ ಒಂದೆಡೆ ಏರಿ ಸುತ್ತಲೂ ಇಳಿಯುವ ಬದಲು ವಿಶಾಲವಾದ ಜಾಗದಲ್ಲೆಲ್ಲ ಕ್ಷೀಣವಾಗಿ ಹರಡಿತ್ತು. ಹಾಸಿಗೆಯ ಕೆಳಗೆ ಉಕ್ಕಿನ ತಂತಿಗಳ ಇನ್ನೊಂದು ಹಾಸಿದ್ದುದು ಆಮೇಲೆ ತಿಳಿದುಬಂದಿತು. ವೈದ್ಯರು ಬಲಮಗ್ಗುಲನ್ನೇ ಶೋಧಿಸಗೊಟ್ಟಿದ್ದರು. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡ ಮೇಲೆ ಗುಂಡು ಎಡಕ್ಕೆ ದೊರೆಯಿತು.

ಇಂದಿನ ಶೋಧಕಗಳಲ್ಲಿ ಸುರುಳಿಯನ್ನು ಬೀಸುವಾಗ ಕಾಣುವ ಅಂಕಿಯು, ಲೋಹದಿಂದ ಮರಳುವ ಅಲೆ ಕಳುಹಿಸಿದ ಅಲೆಗಿಂತ ಎಷ್ಟು ಹಿಂದೆ ಬಿದ್ದಿದೆ ಎಂಬುದರ ಅಳತೆ. ಕಬ್ಬಿಣವೋ ಬೆಳ್ಳಿಯೋ ಎಂಬ ಊಹೆಗೆ ಅದೇ ಆಧಾರ. ನೆಲೆಯನ್ನು ಗುರುತಿಸುವ ಗುಂಡಿಯನ್ನೊತ್ತಿದೊಡನೆ ಹೆಚ್ಚಿನ ಯಂತ್ರಗಳು ಆ ವಿವೇಚನೆಯನ್ನು ಬಿಟ್ಟು ಮರುದನಿಯ ಬಲವನ್ನಷ್ಟೇ ತೋರಿಸುತ್ತವೆ. ಆಗ ನಾಣ್ಯವೂ ಮೊಳೆಯೂ ಒಂದೇ. (ಮೊತ್ತವೊಂದನ್ನೇ ನೋಡಿ ಬಾಬುಗಳನ್ನು ಹೇಳಲಾಗದೆಂಬುದು ನಮ್ಮ ಬ್ಯಾಂಕಿನವರಿಗೆ ಹೊಸತಲ್ಲ.) ಆಳದ ಅಂಕಿಯಂತೂ ವಸ್ತು ನಾಣ್ಯದಷ್ಟು ಗಾತ್ರದ್ದೆಂಬ ಭಾವನೆಯ ಮೇಲೆ ನಿಂತದ್ದು, ಆಳದಲ್ಲಿರುವ ದೊಡ್ಡ ತಟ್ಟೆಯು ಮೇಲೆಯೇ ಇರುವಂತೆ ತೋರೀತು. ಆದುದರಿಂದ ಅಂಕಿಯನ್ನು ಮೊದಲೇ ಓದಿಕೊಂಡು, ಆಮೇಲೆ ಉದ್ದಕ್ಕೂ ಅಡ್ಡಕ್ಕೂ ಸುರುಳಿಯನ್ನಾಡಿಸಿ, ಸದ್ದು ಅತ್ಯಧಿಕವಾಗುವ ಎರಡು ಗೆರೆಗಳು ಕೂಡುವಲ್ಲಿ ಅಗೆಯತಕ್ಕದ್ದು.